ಯು ಒತ್ತಿದರೆ ಹೋದ ವರ್ಷದ ದೀಪಾವಳಿ

ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವಾಗ ಅತ್ತೆ ಆಡುವ ಮಾತುಗಳನ್ನು ನಾನು ಒಂದು ಕಡತದಲ್ಲಿ ಬರೆದಿಡುತ್ತೇನೆ. ಕಡತದ ಹೆಸರು ಪದಪಟ್ಟಿ. ಒಂದು ಸಾಲಿನಲ್ಲಿ ಪದ, ಅದರ ಕೆಳಗೆ ಟ್ಯಾಬ್ ಬಿಟ್ಟು ಅರ್ಥ, ಅದರ ಕೆಳಗೆ ಅತ್ತೆಯ ಬಾಯಿಂದ ಬಂದ ಒಂದು ವಾಕ್ಯ. ಮೆಟ್ಟುಗತ್ತಿ, ದಬ್ಬೆ, ಚೊಗರು, ಗೊರಬಲು, ಕೊನೆಗೌಡ, ಹೀಗೆ ಸಾಗುತ್ತದೆ. ಇದಕ್ಕೊಂದು ಡೇಟಾಬೇಸ್ ಮಾಡು, ಆ್ಯಪ್ ಮಾಡು ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ನನಗೆ ವಿಮ್ ಎಂಬ ಹಳೆಯ ಪಠ್ಯ ಸಂಪಾದಕವೇ ಸಾಕು. ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ದಿನವಿಡೀ ಅದರಲ್ಲೇ ಬೆರಳಾಡಿಸುವವನಿಗೆ ಬೇರೆಯದು ಕೈಗೆ ಒಗ್ಗುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ದೀಪಾವಳಿಗೆಂದು ಊರಿಗೆ ಹೋದವನು ಮೂರು ದಿನ ಅಂಗಳದಲ್ಲೇ ಕೂತು ಎಪ್ಪತ್ತು ಚಿಲ್ಲರೆ ಹೊಸ ಪದಗಳನ್ನು ಸೇರಿಸಿದ್ದೆ. ಹೊರಡುವ ರಾತ್ರಿ, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿಬಿಡೋಣ ಎನ್ನಿಸಿ ಸಾರ್ಟ್ ಆಜ್ಞೆ ಕೊಟ್ಟೆ. ಬಸ್ಸಿಗೆ ಹೊತ್ತಾಗಿತ್ತು. ಪರದೆಯ ಕಡೆ ಸರಿಯಾಗಿ ನೋಡಲೂ ಇಲ್ಲ. ಉಳಿಸಿದೆ, ಮುಚ್ಚಿದೆ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದೆ.

ಬೆಂಗಳೂರಿನಲ್ಲಿ ತೆರೆದಾಗ ಎದೆ ಧಸಕ್ಕೆಂದಿತು. ಸಾರ್ಟ್ ಎಂಬುದು ಪ್ರತಿ ಸಾಲನ್ನೂ ಬಿಡಿಯಾಗಿ ಜೋಡಿಸುತ್ತದೆ. ಪದವೂ ಅದರ ಅರ್ಥವೂ ಒಂದೇ ಸಂಸಾರ ಎಂಬುದು ಅದಕ್ಕೆ ತಿಳಿಯದು. ಟ್ಯಾಬ್ ಎಲ್ಲ ಅಕ್ಷರಗಳಿಗಿಂತ ಮೊದಲು ಬರುವುದರಿಂದ ಅರ್ಥಗಳೆಲ್ಲ ಕಡತದ ತಲೆಯಲ್ಲಿ ಗುಂಪುಗೂಡಿದ್ದವು, ಪದಗಳೆಲ್ಲ ಬುಡದಲ್ಲಿ. ಗಂಡಿನ ಕಡೆಯವರು ಒಂದು ಚಪ್ಪರದಲ್ಲಿ, ಹೆಣ್ಣಿನ ಕಡೆಯವರು ಇನ್ನೊಂದರಲ್ಲಿ ಕುಳಿತು, ಯಾರಿಗೆ ಯಾರು ಎಂಬುದನ್ನೇ ಮರೆತ ಮದುವೆಯ ಹಾಗೆ. ‘ಇದು ಗಟ್ಟಿಯಾದಷ್ಟೂ ಬಣ್ಣ ಚೆನ್ನ’ ಎಂದು ಒಂದು ಸಾಲು. ಯಾವುದು ಗಟ್ಟಿಯಾದಷ್ಟು? ‘ಮಳೆಗಾಲ ಕಳೆದ ಮೇಲೆ ಹೊಸದು ಹಾಕಿಸಬೇಕು’ ಎಂದು ಇನ್ನೊಂದು. ಏನನ್ನು? ಇಷ್ಟಕ್ಕೂ ಆ ಅಕಾರಾದಿಯೂ ನೆಟ್ಟಗಿರಲಿಲ್ಲ. ಕಂಪ್ಯೂಟರು ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ‘ಳ’ಕಾರ ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲೇ ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯ ಬೆಂಚಿನ ಹುಡುಗ. ಕೆಟ್ಟದ್ದೂ ಅಲ್ಲದೆ, ತಪ್ಪು ಕ್ರಮದಲ್ಲಿ ಕೆಟ್ಟಿತ್ತು.

ಅಭ್ಯಾಸಬಲದಿಂದ ಯು ಕೀಲಿ ಒತ್ತಿದೆ. ವಿಮ್‌ನಲ್ಲಿ ಯು ಎಂದರೆ ಅನ್‌ಡೂ, ಮಾಡಿದ್ದನ್ನು ರದ್ದು ಮಾಡುವುದು. ಪರದೆಯ ಕೆಳಗೆ ಒಂದು ಸಾಲು ಮೂಡಿತು: ಇದಕ್ಕಿಂತ ಹಳೆಯ ಬದಲಾವಣೆ ಇಲ್ಲ. ಕಡತ ಮುಚ್ಚಿದ ಕ್ಷಣಕ್ಕೆ ಮೂರು ದಿನದ ನೆನಪೆಲ್ಲ ಗಾಳಿಗೆ ಹೋಗಿತ್ತು.

ಎರಡು ಭಾನುವಾರ ಅತ್ತೆಯ ಜೊತೆ ಫೋನಿನಲ್ಲಿ ಕೂತು ಒಂದೊಂದು ಅರ್ಥವನ್ನೂ ಅದರ ಪದದ ಮನೆಗೆ ತಲುಪಿಸಿದೆ. ‘ನಿನ್ನ ಕಂಪ್ಯೂಟರಿಗಿಂತ ನನ್ನ ನೆನಪೇ ವಾಸಿ ಅಲ್ಲವೇನೋ ಮಾಣಿ’ ಎಂದು ಅವರು ಎರಡು ಭಾನುವಾರವೂ ಹೇಳಿದರು. ಎಂಟು ಅರ್ಥಗಳು ಅನಾಥವಾಗಿಯೇ ಉಳಿದವು. ಅವು ಈಗಲೂ ಕಡತದ ತುದಿಯಲ್ಲಿವೆ.

ಕಚೇರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಈ ಗೋಳು ತೋಡಿಕೊಂಡಾಗ ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: ‘ಅನ್‌ಡೂಫೈಲ್ ಹಾಕಿಕೊಂಡಿಲ್ಲವೇ?’ ನನಗೆ ಗೊತ್ತಿರಲಿಲ್ಲ. ವಿಮ್‌ಗೆ ಮಾದರಿಯಾದ, ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಂಬ ಸಂಪಾದಕದಲ್ಲಿ ಯು ಎಂದರೆ ಒಂದೇ ಹೆಜ್ಜೆ, ಇನ್ನೊಮ್ಮೆ ಒತ್ತಿದರೆ ರದ್ದಾದದ್ದೇ ರದ್ದಾಗಿ ಮೊದಲಿನಂತಾಗುತ್ತಿತ್ತು. ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದ ಮೇಲೆ ಹೆಜ್ಜೆಗಳು ಹೆಚ್ಚಿದವು. 2006ರ 7.0 ಆವೃತ್ತಿಯಲ್ಲಿ ಈ ಇತಿಹಾಸಕ್ಕೆ ಮರದ ಹಾಗೆ ಕವಲುಗಳು ಬಂದವು. 2010ರ 7.3ರಲ್ಲಿ ಆ ಇಡೀ ಮರವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಕಡತ ತೆರೆದಾಗ ಮರಳಿ ತರುವ ಸೌಲಭ್ಯ ಸೇರಿತು. ಎಂದರೆ ನಾನು ವಿಮ್ ಕಲಿಯುವುದಕ್ಕೂ ಮೊದಲೇ ಅದು ಅಲ್ಲಿತ್ತು. ಸಂರಚನಾ ಕಡತದಲ್ಲಿ ‘ಸೆಟ್ ಅನ್‌ಡೂಫೈಲ್’ ಎಂಬ ಒಂದು ಸಾಲು ಬರೆಯದೆ ಇಷ್ಟು ವರ್ಷ ಕಳೆದಿದ್ದೆ.

ಅಂದೇ ಬರೆದೆ. ವಾರ ಕಳೆಯುವಷ್ಟರಲ್ಲಿ ಬೇರೆ ತಕರಾರು ಶುರುವಾಯಿತು. ಬೇರೇನೂ ಹೇಳದಿದ್ದರೆ ವಿಮ್ ತನ್ನ ಇತಿಹಾಸದ ಕಡತವನ್ನು ಮೂಲ ಕಡತದ ಪಕ್ಕದಲ್ಲೇ ಇಡುತ್ತದೆ. ಮುಂದೊಂದು ಚುಕ್ಕೆ, ಹಿಂದೊಂದು ಬಾಲವಿರುವ ಹೆಸರು. ಚುಕ್ಕೆಯಿಂದ ಶುರುವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಡತಗಳ ಬದಲಾವಣೆಗಳನ್ನು ದಾಖಲಿಸಿ ತಂಡದೊಡನೆ ಹಂಚುವ ಗಿಟ್‌ನ ಕಣ್ಣಿಗೆ ಬೀಳುತ್ತದೆ. ತಂಡದ ಸಂಗ್ರಹದೊಳಗೆ ನನ್ನ ಹದಿನಾಲ್ಕು ಇತಿಹಾಸದ ಕಡತಗಳು ಹೊಕ್ಕವು. ‘ಇದೇನು ನಿಮ್ಮ ಮನೆಯ ಕಸ?’ ಎಂದು ಒಬ್ಬರು ವಿನಯವಾಗಿಯೇ ಕೇಳಿದರು.

ಮದ್ದು ಸುಲಭ. ಅನ್‌ಡೂಡಿರ್ ಎಂಬ ಆಯ್ಕೆಯಲ್ಲಿ ಒಂದು ಕೋಶದ, ಎಂದರೆ ಫೋಲ್ಡರಿನ, ದಾರಿ ಕೊಟ್ಟರೆ ಎಲ್ಲ ಇತಿಹಾಸವೂ ಅಲ್ಲಿಗೆ ಹೋಗುತ್ತದೆ. ಮೂಲ ಕಡತದ ಪೂರ್ಣ ವಿಳಾಸವೇ ಅಲ್ಲಿ ಹೆಸರಾಗುತ್ತದೆ, ಓರೆಗೆರೆ ಇದ್ದಲ್ಲೆಲ್ಲ % ಚಿಹ್ನೆ. ಆ ಸಾಲನ್ನೂ ಬರೆದು, ಹಳೆಯ ಕಸವನ್ನೆಲ್ಲ ಗುಡಿಸಿ, ನೆಮ್ಮದಿಯಾಗಿದ್ದೆ. ಮೂರು ವಾರದ ನಂತರ ಒಂದು ದಿನ ಹಿಂದಕ್ಕೆ ಹೋಗಬೇಕಾಗಿ ಬಂತು. ಯು ಒತ್ತಿದರೆ ಅದೇ ಹಳೆಯ ಉತ್ತರ: ಇದಕ್ಕಿಂತ ಹಳೆಯದು ಇಲ್ಲ.

ನಾನು ಹೇಳಿದ ಕೋಶವೇ ಅಲ್ಲಿ ಇರಲಿಲ್ಲ. ವಿಮ್ ಅದನ್ನು ತಾನಾಗಿ ಸೃಷ್ಟಿಸುವುದಿಲ್ಲ. (ಅದರ ತಮ್ಮನಾದ ನಿಯೋವಿಮ್ ಸೃಷ್ಟಿಸುತ್ತದೆ.) ಸೃಷ್ಟಿಸದಿದ್ದರೆ ಹೋಗಲಿ, ಬರೆಯಲು ಜಾಗವಿಲ್ಲ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಒಳಗೆ ನಡೆಯುವುದನ್ನು ವಿವರವಾಗಿ ಹೇಳಿಸುವ ವರ್ಬೋಸ್ ಎಂಬ ಆಯ್ಕೆಯನ್ನು ಏರಿಸಿದರೆ ಮಾತ್ರ ಹೇಳುತ್ತದೆ. ಮನೆಗೆಲಸಕ್ಕೆ ಬರುವವರು ಬೀಗ ಹಾಕಿದ್ದನ್ನು ಕಂಡು ಮೂರು ವಾರ ಸುಮ್ಮನೆ ಹಿಂದಿರುಗಿದ ಹಾಗಾಯಿತು. ಕೋಶ ಮಾಡಿದೆ, ನನ್ನೊಬ್ಬನಿಗೇ ತೆರೆಯುವಂತೆ 700ರ ಅನುಮತಿ ಇಟ್ಟೆ, ಒಂದು ಅಕ್ಷರ ತಿದ್ದಿ ಉಳಿಸಿದೆ, ಕೋಶದೊಳಗೆ ಕಡತ ಹುಟ್ಟಿತೇ ಎಂದು ಕಣ್ಣಾರೆ ನೋಡಿದೆ. ಯಾರಾದರೂ ಇದನ್ನು ಹೊಸದಾಗಿ ಹಾಕಿಕೊಳ್ಳುವುದಾದರೆ ಆ ಕೊನೆಯ ಹೆಜ್ಜೆಯನ್ನು ಬಿಡಬಾರದು ಎಂಬುದು ನನ್ನ ಒತ್ತಾಯ.

ಅದು ಮೊದಲ ಸಲ ಕೈಗೂಡಿದ ಬೆಳಗು ನೆನಪಿದೆ. ರಾತ್ರಿ ಕರೆಂಟ್ ಹೋಗಿ, ಬ್ಯಾಟರಿ ಸತ್ತು, ಯಂತ್ರ ಹೊಸದಾಗಿ ಎದ್ದಿತ್ತು. ಪದಪಟ್ಟಿ ತೆರೆದು ಯು ಒತ್ತಿದೆ. ನಿನ್ನೆ ಸಂಜೆ ಅಳಿಸಿದ್ದ ಸಾಲು ಎದ್ದು ಬಂದು ತನ್ನ ಜಾಗದಲ್ಲಿ ಕುಳಿತಿತು. ಕೆಳಗೆ ಆ ಬದಲಾವಣೆಯ ಸಂಖ್ಯೆ, ಅದು ನಡೆದ ದಿನ, ಗಂಟೆ, ನಿಮಿಷ, ಸೆಕೆಂಡು. ಮತ್ತೆ ಒತ್ತಿದೆ, ಮತ್ತೆ. ಮೊನ್ನೆಯವರೆಗೆ ಹೋದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕಾಗಿಯೂ ಇಲ್ಲ. ‘ಅರ್ಲಿಯರ್’ ಎಂಬ ಆಜ್ಞೆಗೆ ಇಷ್ಟು ನಿಮಿಷ, ಇಷ್ಟು ಗಂಟೆ, ಇಷ್ಟು ದಿನ ಹಿಂದೆ ಎಂದು ಹೇಳಿದರೆ ನೇರವಾಗಿ ಅಲ್ಲಿಗೇ ಒಯ್ಯುತ್ತದೆ. ಇಷ್ಟು ಸಲ ಉಳಿಸಿದ್ದಕ್ಕಿಂತ ಹಿಂದೆ ಎಂದೂ ಹೇಳಬಹುದು. ನನಗೆ ಹೆಚ್ಚು ಬಳಕೆಗೆ ಬಂದದ್ದು ಅದೇ, ಏಕೆಂದರೆ ಯಾವಾಗ ಕೆಡಿಸಿದೆ ಎಂಬುದು ನೆನಪಿರುವುದಿಲ್ಲ, ಉಳಿಸುವ ಮೊದಲು ಚೆನ್ನಾಗಿತ್ತು ಎಂಬುದು ನೆನಪಿರುತ್ತದೆ. ನೋಡಿ ಮುಗಿದ ಮೇಲೆ ‘ಲೇಟರ್’ ಎಂದು ಮುಂದಕ್ಕೆ ಬರಬೇಕು, ಇಲ್ಲವೇ ಉಳಿಸದೆ ಮುಚ್ಚಬೇಕು.

ಕವಲುಗಳ ಬೆಲೆ ತಿಳಿದದ್ದು ಚೊಗರಿನಿಂದ. ಅಡಿಕೆ ಬೇಯಿಸಿದ ನೀರು ಎಂದು ಮೊದಲು ಬರೆದಿದ್ದೆ. ಅತ್ತೆ ಕೇಳಿಸಿಕೊಂಡು ‘ಬರೀ ನೀರಾದರೆ ಅದಕ್ಕೆ ಹೆಸರು ಯಾಕೆ ಬೇಕು?’ ಎಂದರು. ಹಂಡೆಯಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದು, ನೀರು ಇಂಗಿ, ಕೆಂಪಗೆ ಗಟ್ಟಿಯಾದ ಸಾರ ಅದು. ಮುಂದಿನ ಅಡಿಕೆಗೆ ಬಣ್ಣ ಕಟ್ಟುವುದು ಅದರಿಂದಲೇ. ಇದನ್ನೆಲ್ಲ ಉದ್ದಕ್ಕೆ ಬರೆದೆ. ಆಮೇಲೆ ಉದ್ದವಾಯಿತೆಂದು ಅನ್ನಿಸಿ ಯು ಒತ್ತಿ ಹಿಂದಕ್ಕೆ ಹೋಗಿ ಅಲ್ಲಿಂದ ಚುಟುಕಾಗಿ ಬೇರೆಯೇ ಬರೆದೆ. ಮಾರನೆಯ ದಿನ ಓದಿದರೆ ಚುಟುಕಿನಲ್ಲಿ ಜೀವವಿಲ್ಲ. ಬಹುತೇಕ ಸಂಪಾದಕಗಳಲ್ಲಿ, ಹಿಂದೆ ಹೋಗಿ ಹೊಸದೊಂದು ಅಕ್ಷರ ಒತ್ತಿದ ಕೂಡಲೇ ಮುಂದಿದ್ದ ಹಾದಿ ಅಳಿದುಹೋಗುತ್ತದೆ. ವಿಮ್‌ನಲ್ಲಿ ಅದು ಪಕ್ಕದ ಕೊಂಬೆಯಾಗಿ ಉಳಿದಿರುತ್ತದೆ. ಯು ಒತ್ತಿದರೆ ನಾವು ಕೂತ ಕೊಂಬೆಯಲ್ಲೇ ಕೆಳಗಿಳಿಯುತ್ತೇವೆ. ‘ಜಿ’ ಮತ್ತು ಕಳೆಯುವ ಚಿಹ್ನೆ ಒತ್ತಿದರೆ ಕೊಂಬೆ ಯಾವುದೆಂದು ನೋಡದೆ ಕಾಲಕ್ರಮದಲ್ಲಿ ಹಿಂದಕ್ಕೆ. ಹಾಗೆ ಹಿಂದೆ ಸರಿಯುತ್ತಾ ಹೋದಾಗ ಚುಟುಕಿನ ಚೊಗರು ಕರಗಿ ಉದ್ದನೆಯ ಚೊಗರು ಪರದೆಯ ಮೇಲೆ ತುಂಬಿಕೊಂಡಿತು. ಅನ್‌ಡೂಟ್ರೀ ಎಂಬ ಪ್ಲಗಿನ್ ಇದೆ, ಅದು ಈ ಮರವನ್ನು ಪಕ್ಕದಲ್ಲೇ ಗೆರೆಗಳಿಂದ ಬರೆದು ತೋರಿಸುತ್ತದೆ. ಅದಿಲ್ಲದೆ ಕೊಂಬೆಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವವರಿಗೆ ನನ್ನ ನಮಸ್ಕಾರ.

ಒಂದು ಕಿರಿಕಿರಿ ಮಾತ್ರ ಬಹಳ ದಿನ ಕಾಡಿತು. ಅತ್ತೆ ಫೋನಿನಲ್ಲಿ ಹೇಳುತ್ತಾ ಹೋದಂತೆ ನಾನು ಕೈಯೆತ್ತದೆ ಟೈಪ್ ಮಾಡುತ್ತೇನೆ. ವಿಮ್‌ನ ಲೆಕ್ಕದಲ್ಲಿ ಬರೆಯುವ ಸ್ಥಿತಿಗೆ ಹೋಗಿ ಹೊರಬರುವ ತನಕ ನಡೆದದ್ದೆಲ್ಲ ಒಂದೇ ಬದಲಾವಣೆ. ಅರ್ಧ ಗಂಟೆ ಬರೆದು, ಕೊನೆಯ ಪದವೊಂದು ಬೇಡವೆಂದು ಯು ಒತ್ತಿದರೆ ಅರ್ಧ ಗಂಟೆಯ ಬರವಣಿಗೆಯೆಲ್ಲ ಮಾಯ. ಬರೆಯುವ ನಡುವೆ ಕಂಟ್ರೋಲ್ ಜಿ, ಆಮೇಲೆ ಯು ಒತ್ತಿದರೆ ಅಲ್ಲಿಗೆ ಒಂದು ಗಂಟು ಬಿದ್ದು ಇತಿಹಾಸ ತುಂಡಾಗುತ್ತದೆ. ಅದನ್ನು ಯಾರು ನೆನಪಿಟ್ಟು ಒತ್ತುತ್ತಾರೆ? ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಒತ್ತಿದಾಗಲೆಲ್ಲ ತಾನಾಗಿ ಗಂಟು ಬೀಳುವಂತೆ ಮೂರು ಸಾಲು ಬರೆದಿಟ್ಟೆ. ಈಗ ಯು ಒತ್ತಿದರೆ ಒಂದು ವಾಕ್ಯವೋ ವಾಕ್ಯದ ತುಂಡೋ ಹೋಗುತ್ತದೆ, ಅಷ್ಟೇ. ಗಂಟುಗಳು ಹೆಚ್ಚಾದ ಮೇಲೆ ಹೆಜ್ಜೆಗಳೂ ಹೆಚ್ಚಾದವು. ಸಾಮಾನ್ಯವಾಗಿ 1000 ಬದಲಾವಣೆಗಳಷ್ಟೇ ನೆನಪಿನಲ್ಲಿ ಉಳಿಯುವುದು. ಸುಲಿಯುವ ಕಾಲದಲ್ಲಿ ಅಷ್ಟು ನನಗೆ ಹತ್ತು ದಿನಕ್ಕೂ ಸಾಲದು. ಅನ್‌ಡೂಲೆವೆಲ್ಸ್ ಎಂಬುದನ್ನು 10000ಕ್ಕೆ ಏರಿಸಿದೆ.

ಇನ್ನು ಸೊನ್ನೆಯ ಪ್ರಕರಣ. ಕನ್ನಡ ಟೈಪ್ ಮಾಡುವವರಿಗೆಲ್ಲ ಈ ರೋಗ ಪರಿಚಿತ. ಅನುಸ್ವಾರದ ‘ಂ’ ಬರಬೇಕಾದಲ್ಲಿ ಅಂಕಿಯ ‘೦’ ನುಸುಳಿಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಸಿಗುವುದಿಲ್ಲ. ಪದಪಟ್ಟಿಯಲ್ಲಿ ಹೀಗೆ ನೂರಾರು ಸೊನ್ನೆಗಳಿದ್ದವು. ಜಾಣತನ ತೋರಿಸಿ, ವಿಮ್‌ನ ಹೊರಗೆ, ಟರ್ಮಿನಲ್ಲಿನಲ್ಲಿ ಸೆಡ್ ಆಜ್ಞೆಯೊಂದನ್ನು ಕೊಟ್ಟು ಎಲ್ಲ ಅಂಕಿಸೊನ್ನೆಗಳನ್ನೂ ಅನುಸ್ವಾರ ಮಾಡಿದೆ. ಒಂದೇ ಏಟು. ಆಮೇಲೆ ಕಡತ ತೆರೆದು ನೋಡಿದರೆ, ನಿಜವಾದ ಅಂಕಿಗಳೂ ಅನುಸ್ವಾರವಾಗಿವೆ. ‘೧೦ ಮೊಳ’ ಎಂದಿದ್ದದ್ದರ ಸೊನ್ನೆ ಈಗ ಸೊನ್ನೆಯಲ್ಲ. ಇರಲಿ, ನಮ್ಮಲ್ಲಿ ಯು ಇದೆಯಲ್ಲ ಎಂದು ಒತ್ತಿದೆ.

ಇದಕ್ಕಿಂತ ಹಳೆಯ ಬದಲಾವಣೆ ಇಲ್ಲ.

ಕೋಶ ಇದೆ. ಕಡತ ಇದೆ. ಅದರೊಳಗೆ ಎರಡು ಸುಗ್ಗಿಯ ಇತಿಹಾಸ ಇದೆ. ಆದರೂ ವಿಮ್ ಅದನ್ನು ಮುಟ್ಟುವುದಿಲ್ಲ. ಸಹೋದ್ಯೋಗಿಗೆ ಫೋನ್ ಮಾಡಿದೆ. ‘ಏನನ್ನಾದರೂ ತಿದ್ದಿ ಉಳಿಸಿದಿರಾ?’ ಎಂಬುದು ಅವರ ಮೊದಲ ಪ್ರಶ್ನೆ. ಇಲ್ಲ ಎಂದೆ. ‘ಉಳಿಸಬೇಡಿ. ಹಾಗೆಯೇ ಮುಚ್ಚಿ. ಉಳಿಸಿದರೆ ಹಳೆಯ ಇತಿಹಾಸದ ಮೇಲೆ ಹೊಸದು ಕೂತುಬಿಡುತ್ತದೆ.’ ಬೆರಳುಗಳನ್ನು ಕೀಲಿಮಣೆಯಿಂದ ದೂರ ಎತ್ತಿಕೊಂಡೇ ಮುಂದಿನ ಮಾತು ಕೇಳಿಸಿಕೊಂಡೆ.

ಆಗ ತಿಳಿದದ್ದು ಇದು. ಉಳಿಸುವಾಗ ವಿಮ್ ಇಡೀ ಪಠ್ಯವನ್ನು ಅರೆದು ಒಂದು ಬೆರಳಚ್ಚು ತೆಗೆಯುತ್ತದೆ, ತಾಂತ್ರಿಕವಾಗಿ ಎಸ್‌ಎಚ್‌ಎ-256 ಹ್ಯಾಶ್. ಅದನ್ನು ಇತಿಹಾಸದ ಕಡತದಲ್ಲಿ ಬರೆದಿಡುತ್ತದೆ. ಮತ್ತೆ ತೆರೆಯುವಾಗ ಕಡತದ ಬೆರಳಚ್ಚೂ ಇದೂ ಹೊಂದಿದರೆ ಮಾತ್ರ ಇತಿಹಾಸಕ್ಕೆ ಪ್ರವೇಶ. ಹೊರಗಿನಿಂದ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಬಾಗಿಲು ಮುಚ್ಚಿತು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅದರ ಹಟದಲ್ಲಿ ನ್ಯಾಯವಿದೆ. ಇತಿಹಾಸದಲ್ಲಿ ಇರುವುದು ‘ಇನ್ನೂರ ಹನ್ನೆರಡನೆಯ ಸಾಲಿನ ಜಾಗದಲ್ಲಿ ಈ ಹಳೆಯ ಸಾಲುಗಳನ್ನು ಇಡು’ ಎಂಬಂಥ ಸೂಚನೆಗಳು. ನಡುವೆ ಬೇರೆ ಯಾರೋ ನಾಲ್ಕು ಸಾಲು ಸೇರಿಸಿದ್ದರೆ, ಇನ್ನೂರ ಹನ್ನೆರಡರಲ್ಲಿ ಈಗ ಇನ್ಯಾರದೋ ಸಂಸಾರ. ಅಲ್ಲಿಗೆ ಹಳೆಯದನ್ನು ತುರುಕಿದರೆ ನನ್ನ ಸಾರ್ಟ್ ಅನಾಹುತವೇ ವಾಸಿ ಎನ್ನಿಸೀತು. ಒಪ್ಪದ್ದಕ್ಕೆ ನನ್ನ ಆಕ್ಷೇಪವಿಲ್ಲ, ಒಪ್ಪಲಿಲ್ಲ ಎಂದು ಹೇಳದೆ ಸುಮ್ಮನಿದ್ದದ್ದಕ್ಕೆ ಇದೆ. ಇಲ್ಲಿಯೂ ವರ್ಬೋಸ್ ಏರಿಸಿದರೆ ಮಾತ್ರ ‘ಕಡತದ ಪಠ್ಯ ಬದಲಾಗಿದೆ, ಇತಿಹಾಸ ಬಳಸಲಾಗದು’ ಎಂಬ ಸಾಲು ಕಾಣುತ್ತದೆ.

ಅಷ್ಟು ಹೊತ್ತಿಗೆ ಪದಪಟ್ಟಿಯನ್ನು ಗಿಟ್‌ಗೆ ಸೇರಿಸಿದ್ದೆ, ಸೆಡ್ ಓಡಿಸುವ ಮೊದಲು ಒಪ್ಪಿಸಿಯೂ (ಆ ಹೊತ್ತಿನ ಪ್ರತಿಯನ್ನು ಅದರಲ್ಲಿ ದಾಖಲಿಸಿಯೂ) ಇದ್ದೆ. ಆ ಪ್ರತಿಯನ್ನು ಅಕ್ಷರಶಃ ಹಾಗೆಯೇ ಹೊರತೆಗೆದು ತೆರೆದೆ. ಬೆರಳಚ್ಚು ಹೊಂದಿತು. ಯು ಒತ್ತಿದೆ, ನಿನ್ನೆ ಬಂತು. ಆಮೇಲೆ ವಿಮ್‌ನ ಒಳಗಿನಿಂದಲೇ, ಅಂಕಿಯ ಪಕ್ಕದಲ್ಲಿರುವ ಸೊನ್ನೆಯನ್ನು ಬಿಟ್ಟು ಉಳಿದದ್ದನ್ನು ಬದಲಿಸಿದೆ. ಒಳಗಿನಿಂದ ಮಾಡಿದ್ದು ಎಷ್ಟೇ ದೊಡ್ಡದಾದರೂ ಇತಿಹಾಸದಲ್ಲಿ ಒಂದು ಹೆಜ್ಜೆ. ಹೊರಗಿನಿಂದಲೇ ಬದಲಾಗಬೇಕಾದ ಕಡತಗಳಿಗೂ ಒಂದು ಉಪಾಯವಿದೆ. ಬೇರೆ ಯಂತ್ರದಿಂದ ಹೊಸ ಪ್ರತಿ ಎಳೆದುಕೊಳ್ಳುವ ಮೊದಲು ಕಡತವನ್ನು ವಿಮ್‌ನಲ್ಲಿ ತೆರೆದೇ ಇಡುತ್ತೇನೆ, ಬದಲಾದ ಮೇಲೆ ಅಲ್ಲಿಂದಲೇ ಮರುಲೋಡ್ ಮಾಡುತ್ತೇನೆ. ಹಾಗೆ ಮಾಡಿದರೆ ವಿಮ್ ಹಳೆಯ ಇಡೀ ಪಠ್ಯವನ್ನು ಒಂದು ಬದಲಾವಣೆಯೆಂದು ದಾಖಲಿಸಿಕೊಳ್ಳುತ್ತದೆ, ಸರಪಳಿ ಕಡಿಯುವುದಿಲ್ಲ. ಕಡತ 10000 ಸಾಲಿಗಿಂತ ಚಿಕ್ಕದಿದ್ದರೆ ಯಾವ ಆಯ್ಕೆಯನ್ನೂ ಮುಟ್ಟಬೇಕಾಗಿಲ್ಲ. ಒಮ್ಮೆ ಉಳಿಸಿದರೆ ಹೊಸ ಬೆರಳಚ್ಚಿನೊಡನೆ ಎಲ್ಲವೂ ಡಿಸ್ಕಿಗೆ ಹೋಗುತ್ತದೆ.

ಗಿಟ್ ಇದ್ದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಗಿಟ್‌ಗೆ ನಾನು ಒಪ್ಪಿಸಿದ್ದು ಮಾತ್ರ ಗೊತ್ತು. ವಿಎಸ್ ಕೋಡ್ ಎಂಬ ಸಂಪಾದಕ ಬಳಸುವ ಗೆಳೆಯರು 2022ರಲ್ಲಿ ಅದಕ್ಕೆ ಬಂದ ಲೋಕಲ್ ಹಿಸ್ಟರಿಯನ್ನು ಹೊಗಳುತ್ತಾರೆ, ಅದು ಉಳಿಸಿದಾಗಲೆಲ್ಲ ಒಂದು ಪ್ರತಿ ಎತ್ತಿಡುತ್ತದೆ. ಇಲ್ಲಿಯೋ, ನಾನು ಬರೆದು ಅರೆಗಳಿಗೆಯಲ್ಲಿ ಅಳಿಸಿದ್ದೂ ಇದೆ. ಆ ಗುಣವನ್ನೇ ಹೊಗಳಿಕೊಂಡು ಒಂದೂವರೆ ವರ್ಷ ತಿರುಗಿದೆ.

ಒಂದು ಜುಲೈ ತಿಂಗಳು, ಮಳೆ ಹಿಡಿದ ಶನಿವಾರ, ಆ ಕೋಶವನ್ನು ಗುಡಿಸಲು ಕೂತೆ. ವಿಮ್ ಇತಿಹಾಸದ ಕಡತಗಳನ್ನು ಎಂದಿಗೂ ತಾನಾಗಿ ಅಳಿಸುವುದಿಲ್ಲ, ಅದರ ಕೈಪಿಡಿಯೇ ಆ ಮಾತನ್ನು ಹೇಳುತ್ತದೆ. ಅಲ್ಲಿ ಸಾವಿರಾರು ಕಡತಗಳಿದ್ದವು. ಎಂದೋ ಅಳಿಸಿದ ಯೋಜನೆಗಳವು, ಹೆಸರು ಬದಲಾದ ಕೋಶಗಳವು, ತಾತ್ಕಾಲಿಕ ಕಡತಗಳವು. ಒಂದು ದೊಡ್ಡ ಲಾಗ್ ಕಡತದಲ್ಲಿ ಎಲ್ಲ ಸಾಲುಗಳನ್ನೂ ಮೂರು ಸಲ ಬದಲಿಸಿದ್ದೆ. ಪ್ರತಿ ಸಾಲಿನ ಪ್ರತಿ ಹಳೆಯ ರೂಪವನ್ನೂ ಹೊತ್ತು ಅದರ ಇತಿಹಾಸ ಮೂಲಕ್ಕಿಂತ ದಪ್ಪವಾಗಿ ಮಲಗಿತ್ತು. ಒಳಗೇನಿರುತ್ತದೆ ನೋಡೋಣವೆಂದು, ಒಂದು ಕಾನ್ಫಿಗ್ ಕಡತದ ಇತಿಹಾಸದ ಮೇಲೆ ಸ್ಟ್ರಿಂಗ್ಸ್ ಆಜ್ಞೆ ಓಡಿಸಿದೆ. ಅದು ಯಾವುದೇ ಕಡತದೊಳಗಿನ ಓದಬಲ್ಲ ಇಂಗ್ಲಿಷ್ ಅಕ್ಷರಗಳನ್ನು ಹೆಕ್ಕಿ ತೋರಿಸುತ್ತದೆ. ಮೊದಲ ಸಾಲಿನಲ್ಲಿ ‘ಅನ್‌ಡೂ’ ಎಂಬ ಗುರುತಿನ ಅಕ್ಷರಗಳ ಚೂರು. ಆಮೇಲೆ ನಾನು ಅಳಿಸಿದ ಟಿಪ್ಪಣಿಗಳು. ಆಮೇಲೆ, ಪರದೆಯ ನಡುವೆ, ಒಂದು ಡೇಟಾಬೇಸಿನ ಪಾಸ್‌ವರ್ಡ್.

ಬೆವರಿತು. ಅದನ್ನು ಎಂದೋ ಅವಸರದಲ್ಲಿ ಆ ಕಡತಕ್ಕೆ ಅಂಟಿಸಿ, ತಪ್ಪಾಯಿತೆಂದು ಮರುಕ್ಷಣವೇ ತೆಗೆದಿದ್ದೆ. ಕಡತದಲ್ಲಿ ಇರಲಿಲ್ಲ, ಗಿಟ್‌ನಲ್ಲಿ ಇರಲಿಲ್ಲ. ಇಲ್ಲಿ ಮಾತ್ರ, ಒಂದಕ್ಷರವೂ ಮುಕ್ಕಾಗದೆ, ಇತ್ತು. ಕೋಶಕ್ಕೆ ಬೀಗ ಹಾಕಿದ್ದೆ ನಿಜ, ಆದರೆ ಪ್ರತಿ ಭಾನುವಾರ ಅದು ಬ್ಯಾಕಪ್ ಡಿಸ್ಕಿಗೂ ನಕಲಾಗುತ್ತಿತ್ತು. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಉಳಿದದ್ದು. ಅಳಿಸುವುದನ್ನು ಮೊದಲು ಮಾಡಲು ಕೈ ತುರಿಸುತ್ತದೆ, ಆದರೆ ಎಷ್ಟು ಕಡೆ ನಕಲಾಗಿದೆಯೋ ತಿಳಿಯದ ಗುಟ್ಟನ್ನು ಅಳಿಸಿ ಮುಗಿಸಲಾಗದು, ಅದನ್ನು ಕೆಲಸಕ್ಕೆ ಬಾರದಂತೆ ಮಾಡಬಹುದು. ಆಮೇಲೆ ಆ ಇತಿಹಾಸವನ್ನು ಎರಡೂ ಕಡೆಯಿಂದ ತೆಗೆದೆ. ತಾತ್ಕಾಲಿಕ ಕೋಶದ ಕಡತಗಳಿಗೂ ಗುಟ್ಟು ಇರಬಹುದಾದ ಕಡತಗಳಿಗೂ ಇತಿಹಾಸ ಬರೆಯಬೇಡ ಎಂದು ಎರಡು ಸಾಲು ಸೇರಿಸಿದೆ. ಕಚೇರಿಯ ಕೆಲಸದ ಇತಿಹಾಸವನ್ನೆಲ್ಲ ಬ್ಯಾಕಪ್‌ನಿಂದ ಹೊರಗಿಟ್ಟೆ. ಪದಪಟ್ಟಿಯದು ಮಾತ್ರ ಇರಲಿ, ಅತ್ತೆಯ ಮಾತು, ಕಳೆದುಕೊಳ್ಳುವುದು ಬೇಡ ಎಂದು ಅದೊಂದನ್ನು ಉಳಿಸಿಕೊಂಡೆ.

ಇನ್ನು ಹಳೆಯ ಕಸ. 180 ದಿನಕ್ಕಿಂತ ಹಿಂದಿನದನ್ನೆಲ್ಲ ಫೈಂಡ್ ಆಜ್ಞೆಯಿಂದ ಅಳಿಸಿಬಿಡುವುದು ಎಂದುಕೊಂಡೆ. ಸಾರ್ಟ್ ಕಲಿಸಿದ ಪಾಠದಿಂದ, ಅಳಿಸು ಎನ್ನುವ ಮೊದಲು ತೋರಿಸು ಎಂದೆ. ಉದ್ದನೆಯ ಪಟ್ಟಿ ಇಳಿಯಿತು. ಅದರ ನಡುವೆ % ಚಿಹ್ನೆಗಳ ಸಾಲಿನ ಕೊನೆಯಲ್ಲಿ ಪದಪಟ್ಟಿ ಎಂಬ ಹೆಸರು. ಅಡಿಕೆ ಕೊಯ್ಲು ಮುಗಿದ ಮೇಲೆ ನಾನು ಅದನ್ನು ಮುಟ್ಟುವುದೇ ಇಲ್ಲವಲ್ಲ. ಡಿಸೆಂಬರಿನಿಂದ ಜುಲೈಗೆ 180 ದಿನ ದಾಟಿತ್ತು. ದಿನದ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಿಡಿದೆ. ಹೆಸರಿನಲ್ಲಿರುವ % ಚಿಹ್ನೆಗಳನ್ನು ಮತ್ತೆ ಓರೆಗೆರೆ ಮಾಡಿ ನೋಡಿದರೆ ಮೂಲ ಕಡತದ ವಿಳಾಸ ಸಿಗುತ್ತದೆ. ಆ ವಿಳಾಸದಲ್ಲಿ ಕಡತ ಇದ್ದರೆ ಇತಿಹಾಸ ಇರಲಿ, ಇಲ್ಲದಿದ್ದರೆ ಹೋಗಲಿ. ಐದಾರು ಸಾಲಿನ ಶೆಲ್ ಬರಹ. ಕಡತದ ಹೆಸರಿನಲ್ಲೇ % ಇದ್ದರೆ ಅದು ಎಡವುತ್ತದೆ, ಅಂಥ ಹೆಸರಿಡುವವನು ನಾನಲ್ಲ. ಸ್ಥಳಾಂತರ ಮಾಡಿದ ಕಡತಗಳ ಇತಿಹಾಸವೂ ಹೀಗೆ ಅನಾಥವೆಂದು ಲೆಕ್ಕಕ್ಕೆ ಬಂದು ಹೋಗುತ್ತದೆ, ಬೇಕೆನ್ನಿಸಿದರೆ ಕಡತದ ಜೊತೆ ಅದರ ಹೆಸರನ್ನೂ ಮೊದಲೇ ಬದಲಿಸಿಕೊಳ್ಳಬೇಕು.

ಈ ದೀಪಾವಳಿಗೆ ಊರಿಗೆ ಹೋದಾಗ ದಬ್ಬೆಯ ಬಗ್ಗೆ ಜಗಳ ಬಂತು. ಸೀಳಿದ ಅಡಿಕೆ ಮರದ ಪಟ್ಟಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹೋದ ವರ್ಷ ಹೇಳಿದ ಅಳತೆಯೇ ಬೇರೆ ಎಂದು ನಾನು, ಅದನ್ನೇ ಹೇಳಿದ್ದೆ ಎಂದು ಅತ್ತೆ. ‘ಬನ್ನಿ, ತೋರಿಸುತ್ತೇನೆ’ ಎಂದು ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಮುನ್ನೂರ ಅರವತ್ತು ದಿನ ಹಿಂದಕ್ಕೆ ಎಂದು ಆಜ್ಞೆ ಕೊಟ್ಟೆ. ಪರದೆ ಒಮ್ಮೆ ಮಿನುಗಿ ಹೋದ ವರ್ಷವಾಯಿತು. ದಬ್ಬೆಯ ವಿಷಯದಲ್ಲಿ ಅತ್ತೆಯೇ ಗೆದ್ದರು. ಗೆದ್ದವರು ಎದ್ದು ಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೆಳಗೆ ಓದುತ್ತಾ ಹೋದರು. ಮೆಟ್ಟುಗತ್ತಿಯ ಕೆಳಗಿನ ವಾಕ್ಯಕ್ಕೆ ಬಂದವರು ನಿಂತರು.

‘ಇದನ್ನು ಮಾರನೆಯ ದಿನವೇ ತೆಗೆಸಿದ್ದೆನಲ್ಲೋ.’

ತೆಗೆಸಿದ್ದರು. ನೆರೆಮನೆಯವರ ತೂಕದ ಕಲ್ಲಿನ ಬಗ್ಗೆ ಸುಲಿಯುವ ಭರದಲ್ಲಿ ಬಂದ ಒಂದು ಮಾತು. ರಾತ್ರಿ ಮಲಗಿ ಯೋಚಿಸಿ, ಬೆಳಿಗ್ಗೆ ಎದ್ದವರೇ ‘ಅದು ಬೇಡ, ಅವರೂ ನಮ್ಮವರೇ’ ಎಂದು ಹೇಳಿದ್ದರು. ನಾನು ಅವರೆದುರೇ ಅಳಿಸಿದ್ದೆ. ಗಿಟ್‌ಗೆ ಆ ವಾಕ್ಯ ಹೋಗಿಯೇ ಇರಲಿಲ್ಲ, ಅದರ ಆಯುಷ್ಯ ಒಂದು ರಾತ್ರಿಯದು.

‘ಹಾಗಾದರೆ ನಾನು ಬೇಡವೆಂದದ್ದೆಲ್ಲ ಇದರಲ್ಲಿ ಇದೆಯೇ?’

‘ಇದೆ ಅತ್ತೆ.’

ಅವರೇನೂ ಹೇಳದೆ ಮೆಟ್ಟುಗತ್ತಿಯ ಮುಂದೆ ಹೋಗಿ ಕೂತು ಸುಲಿಯತೊಡಗಿದರು. ಸ್ವಲ್ಪ ಹೊತ್ತು ಆ ಕಚಕ್ ಕಚಕ್ ಸದ್ದು ಮಾತ್ರ. ಆಮೇಲೆ ತಲೆ ಎತ್ತದೆ, ‘ತೆಗೆದುಬಿಡು’ ಎಂದರು.

ಒಂದು ಬದಲಾವಣೆಯನ್ನು ಮಾತ್ರ ಹೆಕ್ಕಿ ತೆಗೆಯುವ ದಾರಿ ವಿಮ್‌ನಲ್ಲಿ ಇಲ್ಲ. ಮರದಿಂದ ಒಂದೇ ಎಲೆ ಕೀಳಲು ಬರುವುದಿಲ್ಲ, ಹೋದರೆ ಬುಡಸಮೇತ ಹೋಗಬೇಕು. ಚೊಗರಿನ ಮೂರು ರೂಪ, ಆ ಎರಡು ಸುಗ್ಗಿಗಳು, ಆಮೇಲಿನವು, ನಡುರಾತ್ರಿ ಬರೆದು ಅಳಿಸಿದ್ದು ಎಲ್ಲ. ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ಈ ವರ್ಷಕ್ಕೆ ಮರಳಿದೆ, ಉಳಿಸದೆ ಮುಚ್ಚಿದೆ, ಕೋಶಕ್ಕೆ ಹೋಗಿ ಆ ಕಡತ ಅಳಿಸಿದೆ. ಪದಪಟ್ಟಿಯನ್ನು ಮತ್ತೆ ತೆರೆದು ಅತ್ತೆಯನ್ನು ಕರೆದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತರು. ಯು ಒತ್ತಿದೆ.

‘ಏನೆನ್ನುತ್ತದೆ?’

‘ಇದಕ್ಕಿಂತ ಹಳೆಯದು ಇಲ್ಲ ಎನ್ನುತ್ತದೆ.’

‘ಹೂಂ’ ಎಂದು ಅವರು ಮತ್ತೆ ಅಡಿಕೆಯ ಕಡೆ ಹೋದರು. ಬೆಂಗಳೂರಿನ ಮನೆಯ ಬ್ಯಾಕಪ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇದೆ ಎಂಬುದು ನನಗೆ ನೆನಪಾದದ್ದು ರಾತ್ರಿ ಬಸ್ ಹತ್ತಿ, ಸಾಗರದ ದೀಪಗಳು ಹಿಂದೆ ಸರಿದ ಮೇಲೆ.